ಹಿಡಿದಲ್ಲೇ ಬಿಡಬೇಕು

ಬಲೆಗೆ ಮೊದಲು ಸಿಕ್ಕಿದ್ದು ಕೂದಲು.

ಶನಿವಾರ ಬೆಳಗಿನ ಪಾಠ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತೊಡೆಮಟ್ಟದ ನೀರಿನಲ್ಲಿ ನಿಂತು ಜೊಂಡಿನ ಬುಡದಲ್ಲಿ ಬಲೆ ಆಡಿಸುತ್ತಿದ್ದಳು. ಎತ್ತಲು ಹೋದಳು, ಬರಲಿಲ್ಲ. "ಮೇಷ್ಟ್ರೇ, ನಂಗೆ ದೊಡ್ಡದು ಸಿಕ್ಕಿದೆ!" ಎಂದು ಕಿರುಚಿದಳು. ಬರೀ ಬಸವನಹುಳು ಹಿಡಿದಿದ್ದ ಉಳಿದ ಮಕ್ಕಳಿಗೆ ಹೊಟ್ಟೆಕಿಚ್ಚು. ಇನ್ನಿಬ್ಬರು ಬಂದು ಕೋಲಿಗೆ ಕೈ ಹಾಕಿ ಎಳೆದರು. ಜೊಂಡು ಸರಿಯಿತು. ಹೆಂಗಸೊಬ್ಬಳ ಮುಖ ಮೇಲೆ ಬಂತು.

ನಾನು ತಲುಪುವಾಗಲೂ ಆ ಹುಡುಗಿ ಬಲೆಯ ಕೋಲು ಹಿಡಿದುಕೊಂಡೇ ದಡದಲ್ಲಿ ಕೂತಿದ್ದಳು. ಅದನ್ನು ಅವಳ ಕೈಯಿಂದ ಬಿಡಿಸಬೇಕೆಂದು ಅಲ್ಲಿದ್ದ ದೊಡ್ಡವರೊಬ್ಬರಿಗೂ ಹೊಳೆದಿರಲಿಲ್ಲ. ಫೋನ್ ತೆಗೆದು ಫೋಟೊ ಹೊಡೆಯಬೇಕೆಂದು ಮಾತ್ರ ಕೆಲವರಿಗೆ ಹೊಳೆದಿತ್ತು. ಆ ಫೋನುಗಳನ್ನು ಕಿತ್ತುಕೊಂಡು ಕಡ್ಡಿಯ ಜೇಬಿಗೆ ತುರುಕಿದೆ. ಕಡ್ಡಿ ನನ್ನ ಕಾನ್‌ಸ್ಟೇಬಲ್. ಅವನಿಗೆ ಬೇರೆ ಹೆಸರಿದೆ, ಆದರೆ ಅವನನ್ನು ಒಮ್ಮೆ ನೋಡಿದವರು ಆ ಹೆಸರಿನ ಗೋಜಿಗೆ ಹೋಗುವುದಿಲ್ಲ.

ನಾನು ಇನ್‌ಸ್ಪೆಕ್ಟರ್. ಈ ಠಾಣೆಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿನವರು ಹೆಮ್ಮೆಯಿಂದ ತೋರಿಸುವ ಈ ಜಾಗಕ್ಕೆ ಅಂದೇ ಮೊದಲು ಕಾಲಿಟ್ಟದ್ದು. ಎದುರು ದಡ ಕಾಣದಷ್ಟು ದೊಡ್ಡ ಸರೋವರ, ಅದಕ್ಕೆ ಬಂದು ಸೇರುವ ಕಂದು ಬಣ್ಣದ ನದಿ. ಸಮುದ್ರವಿಲ್ಲದ, ಸಿಹಿನೀರಿನ ಅಳಿವೆ. ದಡದಲ್ಲಿ ಕಂಬಗಳ ಮೇಲೆ ನಿಂತ ಮರದ ಹಾಲ್. ಶಾಲೆಗಳಿಂದ ಮಕ್ಕಳು ಬರುತ್ತಾರೆ, ನೀರಿಗಿಳಿಯುತ್ತಾರೆ, ಹುಳುಹುಪ್ಪಟೆ ಹಿಡಿದು ಬಿಳಿ ತಟ್ಟೆಗೆ ಹಾಕಿ ಭೂತಗನ್ನಡಿಯಲ್ಲಿ ನೋಡುತ್ತಾರೆ. ಪುಸ್ತಕ ಓದಿ ಅಲ್ಲ, ಕೈ ಒದ್ದೆ ಮಾಡಿಕೊಂಡು ಕಲಿಯಬೇಕು ಎನ್ನುವುದು ಅದನ್ನು ಕಟ್ಟಿದ ಮೇಷ್ಟ್ರ ಮಾತು. ಅಂದು ಮಕ್ಕಳು ಸಾಕಷ್ಟು ಕಲಿತರು.

ಹೆಣ ಆನೆಪ್ಯಾಂಟಿನಲ್ಲಿತ್ತು. ಅದು ಮಕ್ಕಳು ಇಟ್ಟ ಹೆಸರು. ಎದೆಯವರೆಗೆ ಬರುವ ರಬ್ಬರ್ ದಿರಿಸು, ಬೂಟೂ ಅದಕ್ಕೇ ಅಂಟಿಕೊಂಡಿರುತ್ತದೆ. ಸೊಂಟಕ್ಕೊಂದು ಅಗಲ ಬೆಲ್ಟು. ಬೆಲ್ಟು ಬಿಗಿಯಾಗಿದ್ದರೆ ಕಾಲು ಜಾರಿ ಬಿದ್ದರೂ ನೀರು ಒಳಗಿಳಿಯುವುದಿಲ್ಲ, ಮನುಷ್ಯ ತೇಲುತ್ತಾನೆ. ಬೆಲ್ಟಿಲ್ಲದೆ ಬಿದ್ದರೆ ಕೊಡ ತುಂಬಿದ ಹಾಗೆ ತುಂಬಿಕೊಂಡು ತಳಕ್ಕೆ ಎಳೆಯುತ್ತದೆ.

"ಯಾರಿವಳು?" ಎಂದು ಕೇಳಿದೆ.

"ಪುಟ್ಟಕ್ಕ. ಮಕ್ಕಳು ಹಾಗೇ ಕರೀತಿದ್ರು" ಎಂದರು ಮೇಷ್ಟ್ರು. ನೆರೆತ ಗಡ್ಡ, ಬಿಸಿಲಿಗೆ ಬಣ್ಣ ಹೋದ ಟೋಪಿ, ಕೊರಳಿಗೆ ದಾರದಲ್ಲಿ ಭೂತಗನ್ನಡಿ. ಧ್ವನಿ ನಡುಗುತ್ತಿತ್ತು. "ನಮ್ಮಲ್ಲೇ ಪಾಠ ಮಾಡ್ತಿದ್ಳು, ಮೇಡಂ. ಹೋದ ವರ್ಷ ಇವಳ ಕೈಯಲ್ಲಿ ಒಂದು ತಪ್ಪಾಯ್ತು. ಒಂದು ಮಗು ಹೋಯ್ತು. ಒಂಬತ್ತು ವರ್ಷದ ಹುಡುಗ. ಇವಳು ಅವನಿಗೆ ಬೆಲ್ಟ್ ಕಟ್ಟೋದು ಮರೆತಿದ್ಳು."

"ಆಮೇಲೆ?"

"ನಾನೇ ಮನೆಗೆ ಕಳಿಸ್ದೆ. ಏನು ಮಾಡ್ಲಿ? ಆ ಕೊರಗು ಇವಳನ್ನ ಬಿಡಲಿಲ್ಲ ಅಂತ ಕಾಣುತ್ತೆ. ಅದೇ ನೀರಿಗೆ ಬಂದು..." ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸುತ್ತ ನಿಂತಿದ್ದ ತಾಯಂದಿರಲ್ಲಿ ಒಬ್ಬಳು, "ಒಳ್ಳೇದೇ ಆಯ್ತು ಬಿಡಿ" ಎಂದಳು. ಪಕ್ಕದವಳು ಹೌದೆಂದು ತಲೆ ಆಡಿಸಿದಳು. ನಾನು ತಿರುಗಿ ನೋಡಿದೆ. ಇಬ್ಬರೂ ಮುಖ ತಿರುಗಿಸಲಿಲ್ಲ.

"ಎಲ್ಲಿ ನೀರಿಗಿಳಿದಿರಬಹುದು?"

"ಹಾಲ್‌ಗಿಂತ ಮೇಲೆ ಸಿಕ್ಕಿದೆಯಲ್ಲ" ಎಂದರು ಮೇಷ್ಟ್ರು, ನದಿಯ ಮೇಲ್ಭಾಗಕ್ಕೆ ಕೈ ತೋರಿಸುತ್ತಾ. "ನೀರು ಮೇಲಿಂದ ಕೆಳಗೆ ಬರುತ್ತೆ. ಸೇತುವೆ ಹತ್ರ ಇಳಿದಿರ್ಬೇಕು. ಅಲ್ಲೇ ಬಸ್ ಸ್ಟಾಪೂ ಇದೆ."

ಸರಿಯೆನಿಸಿತು. ಅಷ್ಟರಲ್ಲಿ ಅವರು ಮಕ್ಕಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. "ಎಲ್ಲರೂ ತಟ್ಟೆ ತಗೊಳ್ಳಿ. ಹಿಡಿದಲ್ಲೇ ಬಿಡಬೇಕು. ಮರೀಬೇಡಿ." ಮಕ್ಕಳು ಅಳುತ್ತಲೇ ಸಾಲಾಗಿ ನಿಂತು, ಹೆಣದ ಪಕ್ಕದಲ್ಲೇ ಹಾದು, ತಾವು ಹಿಡಿದಿದ್ದ ಹುಳುಗಳನ್ನು ಹಿಡಿದ ಜಾಗದಲ್ಲೇ ನೀರಿಗೆ ಬಿಟ್ಟು ಬಂದರು. ಇಂಥ ಶಿಸ್ತನ್ನು ನಾನು ನಮ್ಮ ಪರೇಡಿನಲ್ಲೂ ಕಂಡಿಲ್ಲ.

ಹೆಣವನ್ನು ಮಗುಚಿದಾಗ ಎರಡು ವಿಷಯ ಕಣ್ಣಿಗೆ ಬಿತ್ತು. ಆನೆಪ್ಯಾಂಟಿನ ಒಳಗೆ ಚಪ್ಪಲಿ ಅಂಗಡಿಯೊಂದರ ಹೆಸರಿದ್ದ ಅಂಗಿ. ಬೆಲ್ಟಿನ ಬಕಲ್ ಬೆನ್ನ ಮೇಲೆ. ನೀರಿನಲ್ಲಿ ಹೊರಳಾಡುವಾಗ ತಿರುಗಿರಬೇಕು ಎಂದುಕೊಂಡು ಎಳೆದು ನೋಡಿದೆ. ಬೆಲ್ಟು ದಿರಿಸಿನ ಲೂಪುಗಳಲ್ಲಿ ಕೂತಿತ್ತು, ಅರ್ಧ ಬೆರಳೂ ಸರಿಯಲಿಲ್ಲ.

ಜೀಪಿನಲ್ಲಿ ಕಡ್ಡಿ, "ಪಾಪ, ಪಶ್ಚಾತ್ತಾಪ ಮೇಡಂ" ಎಂದ.

"ಸಾಯೋಕೆ ಹೋಗೋಳು ಬೆಲ್ಟ್ ಯಾಕಯ್ಯಾ ಕಟ್ಕೋತಾಳೆ?"



*

ಪುಟ್ಟಕ್ಕನಿಗೆ ಇದ್ದದ್ದು ಒಬ್ಬ ಅಣ್ಣ. ಫೋನ್ ಮಾಡಿದೆ. "ಹೋದ ವರ್ಷ ಅವಳಿಂದ ಮಾನ ಹೋಯ್ತು. ಈಗ ಇದೊಂದು. ಹೆಣ ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದು ಇಟ್ಟುಬಿಟ್ಟ. ನಾನು ತಿರುಗಿ ಮಾಡಿದೆ. ಎತ್ತಲಿಲ್ಲ.

ಸತ್ತ ಹುಡುಗನ ತಾಯಿ ಬಸ್ ಕಂಡಕ್ಟರ್. ಅಳಿವೆಯ ದಾರಿಯ ಬಸ್ಸೇ ಆಕೆಯದು. ಡಿಪೋದಲ್ಲಿ ಹಿಡಿದೆ. ನಲವತ್ತು ದಾಟದ ಹೆಂಗಸು, ಕಣ್ಣ ಸುತ್ತ ಕಪ್ಪು, ಕೂರು ಎಂದರೂ ಕೂರುವ ಜಾತಿಯಲ್ಲ.

"ಸತ್ಳಂತಲ್ಲ. ಗೊತ್ತಾಯ್ತು" ಎಂದಳು.

"ಶುಕ್ರವಾರ ಸಂಜೆ ನಿಮ್ಮ ಬಸ್ ಹತ್ತಿದ್ಳಂತೆ."

"ಹತ್ತಿದ್ಳು. ಇಳಿಸ್ದೆ. ಒಂದು ವರ್ಷದಿಂದ ಹತ್ತಿದಾಗಲೆಲ್ಲ ಇಳಿಸ್ತಿದ್ದೀನಿ. ಮಳೆ ಇದ್ರೂ ಇಳಿಸಿದ್ದೀನಿ. ಬಸ್ ತುಂಬ ಜನ ಇರುವಾಗ ಇವಳು ಯಾರು ಗೊತ್ತಾ ಅಂತ ಕೂಗಿ ಹೇಳಿ ಇಳಿಸಿದ್ದೀನಿ. ನನ್ನ ಹೊಟ್ಟೆ ಉರಿ ನಿಮಗೆ ಅರ್ಥ ಆಗಲ್ಲ."

"ಎಲ್ಲಿ ಇಳಿಸಿದ್ರಿ?"

"ಸೇತುವೆ ಸ್ಟಾಪಲ್ಲಿ."

ಕಡ್ಡಿ ನನ್ನ ಮುಖ ನೋಡಿದ. ಸೇತುವೆ.

"ಏನಾದ್ರೂ ಮಾತಾಡಿದ್ಳಾ?"

"'ಅಕ್ಕಾ, ಒಂದೇ ಒಂದು ಮಾತು' ಅಂದ್ಳು. ನಂಗೆ ಅವಳ ಮಾತು ಬೇಕಾಗಿರಲಿಲ್ಲ. ಸೀಟಿ ಊದಿದೆ."

"ನೀವೂ ಇಳಿದ್ರಾ?"

"ಅದು ಕೊನೇ ಟ್ರಿಪ್ಪು. ಮುಂದಿನ ಸ್ಟಾಪಲ್ಲಿ ಡ್ಯೂಟಿ ಮುಗೀತು. ನಡ್ಕೊಂಡು ಮನೆಗೆ ಹೋದೆ. ಮನೆಯಲ್ಲಿ ಯಾರಿದ್ದಾರೆ ಸಾಕ್ಷಿ ಹೇಳೋಕೆ? ಇದ್ದೋನು ಹೋದ. ಅವನಪ್ಪನೂ ಅದೇ ವರ್ಷ ಬಿಟ್ಟುಹೋದ. ನಾನೇ ಕೊಂದೆ ಅಂತ ಬರ್ಕೊಳ್ಳಿ, ನಿಮಗೆ ಸುಲಭ ಆಗೋದಾದ್ರೆ. ನಂಗೆ ಬೇಕಾಗಿರೋದು ಒಂದೇ, ಮೇಡಂ. ಎಲ್ಲರಿಗೂ ಕಟ್ಟಿದ್ಳು, ನನ್ನ ಮಗನಿಗೆ ಮಾತ್ರ ಹೇಗೆ ಮರೆತ್ಳು? ಅವನು ಕಣ್ಣಿಗೆ ಬೀಳದ ಮಗು ಅಲ್ಲ. ನೂರು ಪ್ರಶ್ನೆ ಕೇಳೋನು. ಅದನ್ನ ಯಾರೂ ನಂಗೆ ಹೇಳಲಿಲ್ಲ. ಈಗ ಹೇಳೋಳೂ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ. ಆಕೆಯೇ ಹಿಂಬಾಲಿಸಿ ಹೋಗಿ ನೂಕಿದಳಂತೆ. ಬೆಳಿಗ್ಗೆ "ಒಳ್ಳೇದೇ ಆಯ್ತು" ಎಂದವರೇ ಈಗ ಪುಟ್ಟಕ್ಕನಿಗಾಗಿ ಅಯ್ಯೋ ಎನ್ನತೊಡಗಿದ್ದರು. ಡಿಪೋದವರು ಕಂಡಕ್ಟರನ್ನು ಕೆಲಸದಿಂದ ನಿಲ್ಲಿಸಿದರು. ಸಂಜೆಯೊಳಗೆ ಬಂಧಿಸಬೇಕೆಂದು ಮೇಲಿನಿಂದ ನನಗೆ ಫೋನ್ ಬಂತು. ಮೇಲಿನ ಸಾಹೇಬರ ಮಗಳೂ ಮೇಷ್ಟ್ರ ಶಿಷ್ಯೆ.

*

"ಬಾ, ನಿನಗೊಂದು ತಮಾಷೆ ತೋರಿಸ್ತೀನಿ" ಎಂದಳು ಡಾಕ್ಟರ್. ಹೆಣಗಳ ಜೊತೆ ಇದ್ದೂ ಇದ್ದೂ ಆಕೆಗೆ ಬದುಕಿದವರ ಮೇಲೆ ಗೌರವ ಕಡಿಮೆ.

"ಮುಳುಗಿ ಸತ್ತಿದ್ದಾಳೆ. ಅದು ಸರಿ. ಕುತ್ತಿಗೆ ಹಿಂದೆ ನೋಡು, ಬೆರಳಿನ ಗುರುತು. ಹಣೆಯಲ್ಲಿ ಉದ್ದ ಗೆರೆ, ಯಾವುದೋ ಅಂಚಿಗೆ ಒತ್ತಿದ ಹಾಗೆ. ಯಾರೋ ಬಗ್ಗಿಸಿ ಹಿಡಿದಿದ್ದಾರೆ."

"ನದಿಯಲ್ಲಾ?"

"ಅದೇ ತಮಾಷೆ. ನಮ್ಮ ನದಿ ನೀರು ಟೀ ಥರ ಇರುತ್ತೆ. ಶ್ವಾಸಕೋಶದಲ್ಲಿ ಸಿಕ್ಕಿದ್ದು ತಿಳಿ ನೀರು. ಕೆಸರಿಲ್ಲ, ಪಾಚಿ ಇಲ್ಲ. ಲ್ಯಾಬ್‌ಗೆ ಕೊಟ್ಟೆ." ಆಕೆ ಕೈಗವಸು ಕಳಚಿದಳು. "ಉಪ್ಪು. ಸಮುದ್ರದ ನೀರಿಗಿಂತ ಜಾಸ್ತಿ ಉಪ್ಪು. ಇಲ್ಲಿಂದ ಸಮುದ್ರಕ್ಕೆ ರೈಲಿನಲ್ಲಿ ಒಂದು ಹಗಲು ಬೇಕು."

ಸಿಹಿನೀರಿನಲ್ಲಿ ತೇಲಿದ ಹೆಣ, ಒಳಗೆ ಉಪ್ಪುನೀರು. ಬಂಧನದ ಫೋನು ಮತ್ತೆ ಬಂತು. ಎತ್ತಲಿಲ್ಲ. ಪುಟ್ಟಕ್ಕನ ಅಣ್ಣನಿಂದ ಅಷ್ಟಾದರೂ ಕಲಿತಿದ್ದೆ.

*

ಹಾಲ್‌ನ ಕೆಳಗೆ ಬಲೆಕೋಣೆ. ಗೋಡೆ ತುಂಬ ಬಲೆಗಳು, ಗೂಟಗಳಿಗೆ ತಲೆಕೆಳಗಾಗಿ ತೂಗುಹಾಕಿದ ಆನೆಪ್ಯಾಂಟುಗಳು. ಮಧ್ಯದಲ್ಲಿ ಸೊಂಟದೆತ್ತರದ ಸಿಮೆಂಟಿನ ತೊಟ್ಟಿ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಬಾಯಿ ಕಹಿಯಾಗುವಷ್ಟು ಉಪ್ಪು.

"ಇದೇನು?"

"ಬೇರೆ ಕೆರೆ ಹೊಳೆಗಳಿಗೂ ಬಲೆ ತಗೊಂಡು ಹೋಗ್ತೀವಲ್ಲ, ಅಲ್ಲಿನ ಹುಳು, ಬಸವನಹುಳು ಮೊಟ್ಟೆ ಇಲ್ಲಿಗೆ ಬರಬಾರದು. ಅದಕ್ಕೆ ಎಲ್ಲವನ್ನೂ ಉಪ್ಪುನೀರಿಗೆ ಅದ್ದಿ ಇಡ್ತೀವಿ" ಎಂದ ಬಲೆಯಣ್ಣ. ಬಲೆ ಹೊಲಿಯುವುದು, ಅದ್ದುವುದು, ಒಣಗಿಸುವುದು ಇವನ ಕೆಲಸ. ಅಗಲ ಭುಜ, ಅದಕ್ಕೆ ಹೊಂದದ ಅಂಜುಬುರುಕು ಕಣ್ಣು.

"ತೊಟ್ಟಿ ಉಸ್ತುವಾರಿ ನಿನ್ನದಾ?"

"ಹೌದು."

"ಪುಟ್ಟಕ್ಕ ನಿನಗೆ ಏನಾಗ್ಬೇಕು?"

ಅವನು ನೆಲ ನೋಡಿದ. "ಮದುವೆ ಮಾತಾಗಿತ್ತು. ಆ ಮಗು ಸತ್ತ ಮೇಲೆ ಮನೆಯಲ್ಲಿ ಬೇಡ ಅಂದ್ರು."

"ನೀನು ಏನಂದೆ?"

"ನಾನೂ... ಬೇಡ ಅಂದೆ."

"ಮುಖಕ್ಕೆ ಹೇಳಿದ್ಯಾ?"

"ಫೋನಲ್ಲಿ ಮೆಸೇಜ್ ಹಾಕ್ದೆ."

ಕಪಾಳಕ್ಕೆ ಒಂದು ಬಿಡಬೇಕೆನಿಸಿತು. ಕೈ ಕಟ್ಟಿಕೊಂಡೆ. "ಅವಳು ಸತ್ತದ್ದು ಈ ತೊಟ್ಟಿಯಲ್ಲಿ ಕಣಯ್ಯಾ. ತೊಟ್ಟಿ ನಿನ್ನದು, ಹುಡುಗಿ ನಿನ್ನ ಕೈಬಿಟ್ಟ ಹುಡುಗಿ. ಹೇಳು."

ತೊಟ್ಟಿಯ ಅಂಚಿಗೆ ಒರಗಿಕೊಂಡವನು, ಅಂಚು ಸುಟ್ಟ ಹಾಗೆ ಹಿಂದಕ್ಕೆ ಸರಿದ. ಶುಕ್ರವಾರ ಸಂಜೆ ಹೊಸದಾಗಿ ನೀರು ತುಂಬಿ ಉಪ್ಪು ಹಾಕಿ ಮನೆಗೆ ಹೋದನಂತೆ. ತಂಗಿಯ ಮಗಳ ಹುಟ್ಟುಹಬ್ಬ, ಮನೆ ತುಂಬ ನೆಂಟರು. ಶನಿವಾರ ಬಂದು ನೋಡಿದರೆ ಯಾರೋ ತೊಟ್ಟಿಯನ್ನು ಖಾಲಿ ಮಾಡಿ ತಿಕ್ಕಿ ತೊಳೆದು ಮತ್ತೆ ತುಂಬಿಸಿದ್ದರು. "ಹಾಗೆ ತೊಳೆಯೋದು ವಾರಕ್ಕೊಮ್ಮೆ. ಉಪ್ಪು ದಂಡ ಅಂತ ಬೈಕೊಂಡೆ" ಎಂದ. ಆಮೇಲೆ ಕಡ್ಡಿ ಹೋಗಿ ನೆಂಟರನ್ನೆಲ್ಲ ಕೇಳಿ ಬಂದ. ಮಾತು ನಿಜವಿತ್ತು. ಇವನು ಹೇಡಿ, ಕೊಲೆಗಾರನಲ್ಲ.

ನಾನು ಇನ್ನೊಂದು ಕೇಳಿದೆ. "ಇಲ್ಲಿ ಕೊಂದು ನೀರಿಗೆ ಹಾಕಿದ್ರೆ ಹೆಣ ಕೆಳಗೆ ಸರೋವರಕ್ಕೆ ಹೋಗ್ಬೇಕಿತ್ತು. ಸಿಕ್ಕಿದ್ದು ಮೇಲೆ. ಯಾರಾದ್ರೂ ಹೊತ್ಕೊಂಡು ಹೋದ್ರಾ?"

ಬಲೆಯಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. "ಇಲ್ಲಿ ನದಿ ಹಿಂದಕ್ಕೂ ಹರಿಯುತ್ತಲ್ಲ, ಮೇಡಂ."

"ಅಂದ್ರೆ?"

"ಸರೋವರದ ಕಡೆಯಿಂದ ಗಾಳಿ ಬಂದ್ರೆ ಅಲ್ಲಿನ ನೀರು ನದಿಯೊಳಗೆ ನುಗ್ಗುತ್ತೆ. ಗಾಳಿ ನಿಂತ ಮೇಲೆ ವಾಪಸ್ ಹೋಗುತ್ತೆ. ಅದಕ್ಕೇ ಇದು ಅಳಿವೆ. ಶುಕ್ರವಾರ ರಾತ್ರಿಯೆಲ್ಲ ಆ ಕಡೆ ಗಾಳಿ. ಬೆಳಿಗ್ಗೆ ಮೆಟ್ಟಿಲು ಮುಳುಗಿತ್ತು. ಮಕ್ಕಳಿಗೆ ಮೇಷ್ಟ್ರು ಮೊದಲು ಹೇಳ್ಕೊಡೋದೇ ಇದು. ಮೇಲೆ ಗೋಡೇಲಿ ಚಿತ್ರ ಇದೆ ನೋಡಿ."

ಮೆಟ್ಟಿಲು ಹತ್ತಿ ನೋಡಿದೆ. ಗೋಡೆಯ ತುಂಬ ನದಿ, ಅದರ ಮೇಲೆ ಎರಡು ಬಾಣ. ಒಂದು ಕೆಳಕ್ಕೆ, ಒಂದು ಮೇಲಕ್ಕೆ. ಕೆಳಗೆ ಮೇಷ್ಟ್ರದೇ ಕೈಬರಹ: ನದಿ ಯಾವಾಗಲೂ ಒಂದೇ ಕಡೆ ಹರಿಯುತ್ತದೆ ಎನ್ನುವವರು ಇಲ್ಲಿಗೆ ಬಂದಿಲ್ಲ.

ನನಗೆ ಮೈ ಉರಿಯಿತು. ನೀರು ಮೇಲಿಂದ ಕೆಳಗೆ ಬರುತ್ತೆ, ಸೇತುವೆ ಹತ್ರ ಇಳಿದಿರ್ಬೇಕು. ನಾಲ್ಕನೇ ಕ್ಲಾಸಿನ ಮಗು ಹೇಳಿದರೆ ಬೈಯುವ ಮಾತನ್ನು ಇನ್‌ಸ್ಪೆಕ್ಟರ್‌ಗೆ ಹೇಳಿಕೊಟ್ಟಿದ್ದರು. ನಾನೂ ಒಳ್ಳೆಯ ಹುಡುಗಿಯ ಹಾಗೆ ತಲೆ ಆಡಿಸಿದ್ದೆ.

*

ಪುಟ್ಟಕ್ಕನ ಅಂಗಿಯ ಮೇಲೆ ಹೆಸರಿದ್ದ ಚಪ್ಪಲಿ ಅಂಗಡಿಯ ಮಾಲೀಕ, "ಒಳ್ಳೇ ಹುಡುಗಿ. ಮಕ್ಕಳ ಕಾಲಿಗೆ ಶೂ ಹಾಕೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ" ಎಂದ. "ಗುರುವಾರ ಒಬ್ರು ಮಗಳನ್ನ ಕರ್ಕೊಂಡು ಬಂದಿದ್ರು. ಇವಳು ಮಂಡಿಯೂರಿ ಶೂ ಪಟ್ಟಿ ಹಾಕ್ತಿದ್ಳು. ಆ ಮಗು ಇವಳ ಗುರುತು ಹಿಡಿದು ಏನೋ ಹೇಳ್ತು. ಅಪ್ಪ ಗಬಕ್ಕನೆ ಮಗೂನ ಬಾಯಿ ಮುಚ್ಚಿದ. ಇವಳು ನೆಲದ ಮೇಲೇ ಕೂತ್ಬಿಟ್ಳು. ಆವತ್ತೆಲ್ಲ ಕೆಲಸ ಮಾಡಲಿಲ್ಲ. 'ನಾನು ಮರೆತಿರಲಿಲ್ಲ' ಅಂತ ಒಬ್ಳೇ ಹೇಳ್ಕೊತಿದ್ಳು."

ಆ ಮನೆ ಹುಡುಕಿಕೊಂಡು ಹೋದೆ. ಅಪ್ಪ ಬಾಗಿಲಲ್ಲೇ ಅಡ್ಡ ನಿಂತ. ಮಕ್ಕಳ ಮಾತು, ಮೇಡಂ, ಮೇಷ್ಟ್ರು ದೇವರಂಥ ಮನುಷ್ಯ, ಇವಳನ್ನು ಇದರಲ್ಲಿ ಎಳೀಬೇಡಿ. ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ. ಹುಡುಗಿ ಹೇಳಿದ್ದು ನಾಲ್ಕೇ ಮಾತು. ಅದನ್ನು ಮೊದಲು ಕೇಳಬೇಕಾದವಳು ಬೇರೆ ಇದ್ದಾಳೆ, ಇಲ್ಲಿ ಬರೆಯುವುದಿಲ್ಲ.

"ಹೋದ ವರ್ಷವೇ ಯಾಕೆ ಹೇಳಲಿಲ್ಲ ಮರಿ?"

"ಯಾರೂ ಕೇಳಲಿಲ್ಲ" ಎಂದಳು.

*

ಮಂಗಳವಾರ ಹಾಲ್ ಮತ್ತೆ ತೆರೆಯಿತು. ಬೇರೊಂದು ಶಾಲೆಯ ಮಕ್ಕಳು. ಹೆಣ ಸಿಕ್ಕ ಜಾಗ ಎಂದು ಕೇಳಿಯೇ ಅರ್ಧ ಮಕ್ಕಳು ಕುಣಿದುಕೊಂಡು ಬಂದಿದ್ದರು. ನಾನು ಬಲೆಕೋಣೆಯ ಮೂಲೆಯಲ್ಲಿ ನಿಂತು ನೋಡಿದೆ.

ಮೇಷ್ಟ್ರು ಒಬ್ಬೊಬ್ಬರಿಗೂ ತಾವೇ ಆನೆಪ್ಯಾಂಟು ಹಾಕಿದರು. ಭುಜದ ಪಟ್ಟಿ ಎಳೆದರು. ಮಗುವನ್ನು ತಿರುಗಿಸಿ ನಿಲ್ಲಿಸಿ, ಬೆಲ್ಟು ಸುತ್ತಿ, ಬೆನ್ನ ಹಿಂದೆ ಬಕಲ್ ಹಾಕಿ, ಅದರ ಮೇಲೊಂದು ತಟ್ಟು ತಟ್ಟಿ ಮುಂದಕ್ಕೆ ಕಳಿಸಿದರು. ಮಾತಾಡುತ್ತಲೇ ಇದ್ದರು, ನಗುತ್ತಲೇ ಇದ್ದರು, ಕೈ ಕಡೆ ಒಮ್ಮೆಯೂ ನೋಡಲಿಲ್ಲ.

ಮಕ್ಕಳು ಹಾಲ್‌ನಲ್ಲಿ ತಿಂಡಿಗೆ ಕೂತ ಮೇಲೆ ಮೇಷ್ಟ್ರನ್ನು ಕೆಳಗೆ ಕರೆದೆ. ಬಲೆಯಣ್ಣ ಇದ್ದ. ಕಂಡಕ್ಟರನ್ನು ಕಡ್ಡಿ ಕರೆದುಕೊಂಡು ಬಂದಿದ್ದ. ಆಕೆ ಬಾಗಿಲ ಹತ್ತಿರ ನಿಂತಳು. ಮಗ ಸತ್ತ ಮೇಲೆ ಈ ಜಾಗಕ್ಕೆ ಬಂದಿರಲಿಲ್ಲ.

"ಬಲೆಯಣ್ಣ, ಕಡ್ಡಿಗೆ ಒಂದು ಆನೆಪ್ಯಾಂಟ್ ಹಾಕಿ ಬೆಲ್ಟ್ ಕಟ್ಟು."

ಅವನು ಹಾಕಿದ. ಹೊಟ್ಟೆಯ ಮುಂದೆ ಬಕಲ್ ಸಿಕ್ಕಿಸಿದ.

"ಹಿಂದೆ ಯಾಕೆ ಕಟ್ಟಲಿಲ್ಲ?"

"ಹಿಂದೆ ಕಟ್ಟೋದು ಮೇಷ್ಟ್ರು ಮಾತ್ರ. ಆ ಮಗು ಸತ್ತ ಮೇಲೆ ಶುರು ಮಾಡಿದ್ರು. ಮಕ್ಕಳು ತಾವೇ ಬಿಚ್ಕೋಬಾರ್ದು ಅಂತ. ನಾನು ಮಕ್ಕಳನ್ನ ಮುಟ್ಟೋದೇ ಇಲ್ಲ, ಬೇರೆ ಯಾರಿಗೂ ಕಟ್ಟೋಕೆ ಅವರು ಬಿಡಲ್ಲ."

"ಪುಟ್ಟಕ್ಕ ಇದ್ದಾಗ?"

"ಆಗೆಲ್ಲ ಮುಂದೇನೇ."

ನಾನು ಮೇಷ್ಟ್ರ ಕಡೆ ತಿರುಗಿದೆ. "ಪುಟ್ಟಕ್ಕನ ಬಕಲ್ ಬೆನ್ನ ಮೇಲಿತ್ತು. ನಾನೇ ಹಾಕ್ಕೊಂಡು ನೋಡಿದೆ ಮೇಷ್ಟ್ರೇ, ಕೈ ತಿರುಚಿದ್ರೂ ಆಗಲಿಲ್ಲ. ಆಗಬಾರದು ಅಂತಲೇ ನೀವು ಮಾಡಿದ್ದು. ಅಂದ್ರೆ ಅವಳಿಗೆ ಬೇರೆಯವರು ತೊಡಿಸಿದ್ದು. ಈ ಅಮ್ಮನಿಗೆ ಅವಳ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು, ಆದ್ರೆ ಇವರಿಗೆ ಈ ಬೆಲ್ಟ್ ಕಟ್ಟೋಕೇ ಬರಲ್ಲ. ಬಲೆಯಣ್ಣ ಮುಂದೆ ಕಟ್ತಾನೆ. ಹಿಂದೆ ಕಟ್ಟೋ ಕೈ ಈ ಊರಲ್ಲಿ ಒಂದೇ."

ಮೇಷ್ಟ್ರು ಕೊರಳಿನ ಭೂತಗನ್ನಡಿಯನ್ನು ಹಿಡಿದುಕೊಂಡರು.

"ಕೊರಗಿನಿಂದ ನೀರಿಗೆ ಬಿದ್ಳು ಅಂತ ಕಾಣಬೇಕಿತ್ತು. ಹಾಗಿದ್ರೆ ಬೆಲ್ಟೇ ಬೇಡ. ಬೆಲ್ಟಿಲ್ಲದೆ ಹಾಕಿದ್ರೆ ತುಂಬ್ಕೊಂಡು ಮುಳುಗಿರೋಳು, ಹೆಣ ಸಿಗೋ ಹೊತ್ತಿಗೆ ಹಣೆಯ ಗೆರೇನೂ ಮೀನು ತಿಂದಿರೋದು. ಆದ್ರೆ ನಿಮ್ಮ ಕೈ ನಿಮ್ಮನ್ನ ಕೇಳಲಿಲ್ಲ. ಭುಜದ ಪಟ್ಟಿ ಎಳೆದ ಕೂಡಲೇ ಬೆಲ್ಟು, ಬೆಲ್ಟು ಬಿಗಿದ ಕೂಡಲೇ ಬಕಲ್. ಮೇಲೊಂದು ತಟ್ಟೂ ತಟ್ಟಿರ್ತೀರಿ. ಒಳಗಿನ ಗಾಳಿಗೆ ತೇಲಿದ್ಳು. ಸರೋವರದ ಗಾಳಿ ಮೇಲಕ್ಕೆ ತಳ್ತು. ಬೆಳಿಗ್ಗೆ ಹೆಣ ಅಲ್ಲಿ ಕಂಡಾಗ ನದಿ ಒಂದೇ ಕಡೆ ಹರಿಯುತ್ತೆ ಅಂತ ನನಗೆ ಪಾಠ ಮಾಡಿದ್ರಿ. ಗೋಡೆಯಲ್ಲಿ ಬರೆದಿದ್ದೀರಿ, ಹಾಗನ್ನೋರು ಇಲ್ಲಿಗೆ ಬಂದಿಲ್ಲ ಅಂತ."

"ಯಾಕೆ?" ಎಂದಿತು ಬಾಗಿಲ ಹತ್ತಿರದ ಧ್ವನಿ. "ಇವರು ಯಾಕೆ ಅವಳನ್ನ ಕೊಲ್ಲಬೇಕು?"

ಇದನ್ನು ಹೇಳುವಾಗ ಮಾತ್ರ ನಾನು ಆಕೆಯ ಮುಖ ನೋಡಲಿಲ್ಲ. "ನಿಮ್ಮ ಮಗನಿಗೆ ಪುಟ್ಟಕ್ಕ ಬೆಲ್ಟ್ ಕಟ್ಟಿದ್ಳು. ಮರೆತಿರಲಿಲ್ಲ. ಪಾಠ ಮುಗಿದ ಮೇಲೆ ಮಕ್ಕಳ ಬೆಲ್ಟ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡಿದ್ದು ಮೇಷ್ಟ್ರು. ಅವಳು ಆಗ ಮೇಲೆ ತಟ್ಟೆ ತೊಳೆಸ್ತಿದ್ಳು. ನಿಮ್ಮ ಮಗನ ಡಬ್ಬಿಯಲ್ಲಿ ಒಂದು ಹುಳು ಉಳಿದುಬಿಟ್ಟಿತ್ತು. ಹಿಡಿದಲ್ಲೇ ಬಿಟ್ಟು ಬಾ, ಓಡು ಅಂದ್ರು ಮೇಷ್ಟ್ರು. ಅವನು ಬೆಲ್ಟಿಲ್ಲದ ಆನೆಪ್ಯಾಂಟಲ್ಲೇ ಓಡಿದ. ಇದನ್ನ ಕಂಡ ಮಗು ಹೋದ ಗುರುವಾರ ಪುಟ್ಟಕ್ಕನಿಗೆ ಹೇಳ್ತು."

ಮೇಲೆ ಮಕ್ಕಳು ಬೆಂಚು ಎಳೆದಾಡುತ್ತಿದ್ದರು.

"ಒಂದು ನಿಮಿಷದ ಮರೆವು" ಎಂದರು ಮೇಷ್ಟ್ರು ಕೊನೆಗೆ. ಧ್ವನಿಯಲ್ಲಿ ನಡುಕವಿರಲಿಲ್ಲ. "ನಂದು ಅಂತ ಗೊತ್ತಾಗಿದ್ರೆ ಇದನ್ನ ಮುಚ್ಚಿಸ್ತಿದ್ರು. ಎಷ್ಟು ಮಕ್ಕಳು ಇಲ್ಲಿ ನೀರು ನೋಡೋದು ಕಲಿತಿದ್ದಾರೆ ಅಂತ ಯಾರೂ ಲೆಕ್ಕ ಇಡಲ್ಲ. ಅವಳಿಗೆ ಇನ್ನೂ ವಯಸ್ಸಿತ್ತು. ಬೇರೆ ಕೆಲಸ ಸಿಗ್ತಿತ್ತು. ಸಿಕ್ಕಿತ್ತು ಕೂಡ."

"ಶುಕ್ರವಾರ ಏನಂದ್ಳು?"

"ಆ ತಾಯಿಗೆ ನೀವೇ ಹೇಳಿ, ಇಲ್ಲಾಂದ್ರೆ ನಾನು ಹೇಳ್ತೀನಿ ಅಂದ್ಳು. ಅಳ್ತಿದ್ಳು. ಆಯ್ತು, ಮಾತಾಡೋಣ, ಮೊದಲು ಈ ಬಲೆ ಅದ್ದೋಕೆ ಕೈ ಕೊಡು ಅಂದೆ." ಅವರು ತೊಟ್ಟಿಯನ್ನು ನೋಡಿದರು. "ಬಗ್ಗಿದ್ಳು. ಯಾವತ್ತೂ ಹೇಳಿದ ಮಾತು ಮೀರಿದವಳಲ್ಲ."

ಬಲೆಯಣ್ಣ ಮುಖ ಮುಚ್ಚಿಕೊಂಡು ಅತ್ತ. ಈಗ ಅತ್ತು ಯಾರಿಗೆ ಏನಾಗಬೇಕು?

ಕಂಡಕ್ಟರ್ ಅಳಲಿಲ್ಲ. ಮೇಷ್ಟ್ರ ಎದುರಿಗೆ ಬಂದು ನಿಂತಳು. ಕಡ್ಡಿ ತಡೆಯಲು ಹೋದ, ಬೇಡವೆಂದು ಸನ್ನೆ ಮಾಡಿದೆ.

"ಯಾವ ಹುಳು?" ಎಂದಳು.

"ಏರೋಪ್ಲೇನ್ ಚಿಟ್ಟೆ ಮರಿ" ಎಂದರು ಮೇಷ್ಟ್ರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ. "ರೆಕ್ಕೆ ಬರೋ ಮೊದಲು ಅದು ನೀರಲ್ಲೇ ಇರುತ್ತೆ. ಅವತ್ತು ಬೇರೆ ಯಾರಿಗೂ ಸಿಕ್ಕಿರಲಿಲ್ಲ. ನಿಮ್ಮ ಮಗನ ಕಣ್ಣು ಚೆನ್ನಾಗಿತ್ತು."

"ಬಿಟ್ಟನಾ?"

"ಹೆಣ ಎತ್ತಿದಾಗ ಡಬ್ಬಿ ಕೈಯಲ್ಲೇ ಇತ್ತು. ಖಾಲಿ ಇತ್ತು."

*

ಮೇಷ್ಟ್ರನ್ನು ಜೀಪಿಗೆ ಹತ್ತಿಸುವಾಗ ಮಕ್ಕಳು ಕಿಟಕಿಯಿಂದ ಕೈ ಬೀಸಿದರು. ಅವರೂ ಕೈ ಎತ್ತಲು ಹೋದರು, ಬೇಡಿ ಅಡ್ಡ ಬಂತು. ಜೊತೆಗೆ ಬಂದಿದ್ದ ಟೀಚರ್ ಓಡಿಬಂದು, "ಹಾಗಾದ್ರೆ ಮಧ್ಯಾಹ್ನದ ಪಾಠ ಯಾರು ಮಾಡ್ತಾರೆ?" ಎಂದು ನನ್ನನ್ನೇ ಕೇಳಿದಳು.

ಕಂಡಕ್ಟರ್ ದಡದಲ್ಲಿ ನಿಂತಿದ್ದಳು. ನಾನು ಹತ್ತಿರ ಹೋದೆ. ನೀರು ಅಲ್ಲಾಡದೆ ನಿಂತಿತ್ತು, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

"ಅವಳು ಇದನ್ನೇ ಹೇಳೋಕೆ ಬಸ್ ಹತ್ತಿದ್ಳು. ಅಲ್ವಾ?"

ಗೊತ್ತಿಲ್ಲ ಎನ್ನಬಹುದಿತ್ತು. ಕರುಣೆಯಿದ್ದವರು ಹಾಗೆನ್ನುತ್ತಿದ್ದರು. ಆದರೆ ಈ ಹೆಂಗಸಿಗೆ ಒಂದು ವರ್ಷದಿಂದ ಎಲ್ಲರೂ ಸುಳ್ಳನ್ನೇ ಕೊಟ್ಟಿದ್ದರು.

"ಹೌದು" ಎಂದೆ.

"ನಾನು ಕೇಳಿದ್ದಿದ್ರೆ?"

"ಮೇಷ್ಟ್ರ ಹತ್ರ ಒಬ್ಳೇ ಹೋಗ್ತಿರಲಿಲ್ಲ."

ಆಕೆ ನನ್ನ ಕಡೆ ತಿರುಗಿ, "ಅವಳನ್ನ ಯಾರು ತಗೊಂಡು ಹೋದ್ರು?" ಎಂದಳು.

"ಯಾರೂ ಇಲ್ಲ. ಆಸ್ಪತ್ರೆಯಲ್ಲೇ ಇದ್ದಾಳೆ. ಅಣ್ಣ ಬೇಡ ಅಂದ."

"ನಾನು ತಗೊಂಡು ಹೋಗ್ತೀನಿ. ನನ್ನ ಮಗನ ಪಕ್ಕ ಜಾಗ ಇದೆ."

"ಸಂಬಂಧ ಇದ್ದೋರಿಗೆ ಮಾತ್ರ ಕೊಡ್ತಾರೆ" ಎಂದೆ. ಆಮೇಲೆ ಆಸ್ಪತ್ರೆಯವರು ಕೇಳಿಯೇ ಕೇಳುವ ಪ್ರಶ್ನೆಯನ್ನು ನಾನೇ ಕೇಳಿದೆ. "ನೀವು ಅವಳಿಗೆ ಏನಾಗ್ಬೇಕು?"

ಆಕೆ ಬಾಯಿ ತೆರೆದಳು. ನಾನು ಕಾದೆ, ಏನಾದರೂ ಒಂದು ಹೇಳಲಿ, ಯಾವುದಾದರೂ ಒಂದು ಸುಳ್ಳು ಹೇಳಲಿ, ಬರೆದುಕೊಟ್ಟುಬಿಡೋಣ ಎಂದುಕೊಂಡೆ.

"ಏನೂ ಇಲ್ಲ" ಎಂದಳು.

ಕಡ್ಡಿ ಆಕೆಯನ್ನು ಮನೆಗೆ ಬಿಡಲು ಇನ್ನೊಂದು ಜೀಪು ತಂದ. ಆಕೆ ಹತ್ತಲಿಲ್ಲ, ನಡೆದುಕೊಂಡೇ ಹೋದಳು.